‘ಮಾಡಿಸಿದಂ’ ಹೋಗಿ ‘ಮಾಡಿಸಿದ’ ಆದಾಗ

ಉಚ್ಚಾರಣೆ ಸವೆದರೆ ವ್ಯಾಕರಣವೂ ಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ಎಲ್ಲ ಸಲವೂ ಅಲ್ಲ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆಗುವಾಗ ಪಕಾರ ಹಕಾರವಾದದ್ದು ವ್ಯಾಕರಣವನ್ನು ಮುಟ್ಟಲಿಲ್ಲ. ಪೆಟ್ಟು ಬೀಳುವುದು ಪದದ ಕೊನೆ ಸವೆದಾಗ, ಏಕೆಂದರೆ ನಮ್ಮ ಪ್ರತ್ಯಯಗಳೆಲ್ಲ ಇರುವುದು ಅಲ್ಲೇ.

ನಾನು ಚನ್ನರಾಯಪಟ್ಟಣದವನು, ಹಾಗಾಗಿ ಉದಾಹರಣೆ ಶ್ರವಣಬೆಳಗೊಳದ್ದೇ. ಗೊಮ್ಮಟನ ಪಾದದ ಬಳಿ ಹಳಗನ್ನಡದಲ್ಲಿ ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಎಂದಿದೆ, ಅಂದರೆ ಚಾಮುಂಡರಾಜ ಇದನ್ನು ಮಾಡಿಸಿದನು. ಹೆಸರಿನ ‘ಅಂ’ ಪ್ರಥಮಾ ವಿಭಕ್ತಿ, ಅಂದರೆ ಕರ್ತೃವಿನ ಗುರುತು; ಕ್ರಿಯಾಪದದ ‘ಅಂ’ ಮಾಡಿಸಿದವನು ಗಂಡಸು ಎಂಬ ಗುರುತು. ಆ ಅನುನಾಸಿಕ (ಮೂಗಿನಿಂದ ಹೊರಡುವ ಧ್ವನಿ) ಮುಂದೆ ಉಕಾರ ಹಿಡಿದು ‘ಮಾಡಿಸಿದನು’ ಆಯಿತು, ಇಲ್ಲವೇ ಬಿದ್ದುಹೋಗಿ ‘ಮಾಡಿಸಿದ’ ಆಯಿತು. ಬಿದ್ದದ್ದು ಒಂದೇ ಧ್ವನಿ. ಆದರೆ ‘ರಾಜ ಮಾಡಿಸಿದ’ ಎಂಬ ಪೂರ್ಣ ವಾಕ್ಯಕ್ಕೂ ‘ರಾಜ ಮಾಡಿಸಿದ ಮೂರ್ತಿ’ ಎಂಬಲ್ಲಿ ಮುಂದಿನ ನಾಮಪದವನ್ನು ವಿಶೇಷಿಸುವ ಕೃದಂತಕ್ಕೂ ರೂಪದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ! ಪ್ರತ್ಯಯ ಮಾಡುತ್ತಿದ್ದ ಕೆಲಸ ಈಗ ಪದದ ಸ್ಥಾನದ ಹೆಗಲಿಗೆ ಬಿದ್ದಿದೆ.

ನನಗೆ ಇನ್ನೂ ಬೆರಗು ಹುಟ್ಟಿಸುವುದು ಸ್ತ್ರೀಲಿಂಗ. ‘ಬಂದಳ್’ನ ಳಕಾರ ಅನುನಾಸಿಕವಲ್ಲ, ಅದು ಬೀಳದೆ ‘ಬಂದಳು’ ಎಂದು ನಿಂತಿತು. ಹೀಗಾಗಿ ‘ಬಂದಳು’, ‘ಬಂದರು’ ಎಂಬವಕ್ಕೆ ಗುರುತಿದೆ. ‘ಬಂದ’ ಎಂಬುದಕ್ಕೆ ಗುರುತಿಲ್ಲದಿರುವುದೇ ಗುರುತು.

ವ್ಯಾಕರಣವೂ ಕೈಕಟ್ಟಿ ಕೂರುವುದಿಲ್ಲ. ಹಳಗನ್ನಡದ ದ್ವಿತೀಯಾ ವಿಭಕ್ತಿಯ (ಕರ್ಮ ತೋರಿಸುವ) ‘ಅರಸನಂ’ ತನ್ನ ಕೊನೆ ಕಳೆದುಕೊಂಡರೆ ಷಷ್ಠೀ ವಿಭಕ್ತಿಯ (ಸಂಬಂಧ ತೋರಿಸುವ) ‘ಅರಸನ’ದೊಡನೆ ಬೆರೆತುಹೋಗುತ್ತದೆ, ಬರಹದ ಕನ್ನಡದಲ್ಲಿ ‘ಅರಸನನ್ನು’ ಎಂಬ ತುಂಬು ರೂಪ ಆ ಭೇದವನ್ನು ಕಾಯುತ್ತಿದೆ.

ಬೆಟ್ಟ ಹತ್ತಿದರೆ ಅಲ್ಲಿನ ತಮಿಳು ಶಾಸನವನ್ನೂ ನೋಡಿ. ಅದರಲ್ಲಿ ‘ರಾಜನ್’ ಎಂದಿದೆ, ಅದೇ ಅನುನಾಸಿಕ.