ಕಾರು ನಿಲ್ಲದ ಊರಿನಿಂದ ಬಂದ ಪತ್ರ

ಶರಾವತಿ ಹಿನ್ನೀರಿನ ದಡದ ಅಂಬಾರಗೋಡ್ಲು ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಹಿನ್ನೀರು ದಾಟಿಸೋ ಲಾಂಚ್ ಇದ್ದಾಗ ನಮ್ಮ ಚಹಾ ಅಂಗಡಿಯ ಬೆಂಚು ಖಾಲಿ ಇರುತ್ತಿರಲಿಲ್ಲ. ಈಗ ಆಚೆ ದಡದ ಸಿಗಂದೂರು ದೇವಸ್ಥಾನಕ್ಕೆ ಜನ ಬರ್ತಾನೇ ಇದ್ದಾರೆ, ಕಾರು ಮಾತ್ರ ಇಲ್ಲಿ ನಿಲ್ಲೋದಿಲ್ಲ. ಪ್ರವಾಸೋದ್ಯಮ ಬೆಳೆದರೆ ಅಕ್ಕಪಕ್ಕದ ಊರೂ ಬೆಳೆಯುತ್ತೆ ಅಂತೀರಲ್ಲ, ಎಲ್ಲಿ?'

ನಿಮ್ಮ ಪ್ರಶ್ನೆ ನ್ಯಾಯವಾದದ್ದು. 'ಬೆಳೆಯುತ್ತೆ' ಅಂತ ನಾವೂ ಬರೆದಿದ್ದೇವೆ. ಅಷ್ಟು ಸಲೀಸಾಗಿ ಬರೆಯಬಾರದಿತ್ತು.

ಪ್ರವಾಸಿ ಎಲ್ಲಿ ಕಾಯುತ್ತಾನೋ, ಎಲ್ಲಿ ಮಲಗುತ್ತಾನೋ, ಅಲ್ಲೇ ಅವನ ಜೇಬು ಬಿಚ್ಚುತ್ತದೆ. ನಿಮ್ಮ ದಡದಲ್ಲಿ ಜನ ಲಾಂಚಿಗೆ ಕಾಯುತ್ತಿದ್ದರು. ಮಕ್ಕಳಿಗೆ ಹಸಿವಾಗುತ್ತಿತ್ತು, ದೊಡ್ಡವರಿಗೆ ಚಹಾ ಬೇಕಿತ್ತು. ಆ ಕಾಯುವ ಹೊತ್ತೇ ನಿಮ್ಮ ವ್ಯಾಪಾರವಾಗಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. 2 ಕಿ.ಮೀ. ಮೀರಿದ ಹಿನ್ನೀರು ಈಗ ಕೆಲವೇ ನಿಮಿಷದ ದಾರಿ. ಹಾಗಂತ ಸೇತುವೆ ಬೇಡವಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಆಚೆ ದಡದ ತುಮರಿ, ಬ್ಯಾಕೋಡಿನ ಜನ ಪಟ್ಟ ಪಾಡು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಲಾಂಚ್ ನಿಂತ ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ, ಅಲ್ವಾ?

ತಾಳಗುಪ್ಪ ನೋಡಿ. ಜಲಪಾತ ಇರುವುದು ಜೋಗದಲ್ಲಿ. ಆದರೆ ರೈಲು ಮುಗಿಯುವುದು ತಾಳಗುಪ್ಪದಲ್ಲಿ. ಮೈಸೂರು ರೈಲಿನಿಂದ ಇಳಿದವರಿಗೆ ಮುಂದೆ ಹೋಗಲು ಆಟೊ ಬೇಕು, ಕಾರು ಬೇಕು. ಜೋಗದ ದುಡ್ಡು ಪಕ್ಕದೂರಿಗೆ ಹರಿಯುವುದು ಆ ಇಳಿಯುವ ಜಾಗದಿಂದ.

ಇನ್ನು ಬೆಲೆ ಏರೋದಕ್ಕೆ ಯಾರೂ ನಿಲ್ಲಬೇಕಾಗಿಲ್ಲ. ರಸ್ತೆ ಪಕ್ಕದ ಜಮೀನು ಸುಮ್ನೆ ದುಬಾರಿಯಾಗುತ್ತದೆ. ರೆಸಾರ್ಟ್ ಕೆಲಸಕ್ಕೆ ಹುಡುಗರು ಹೋದರೆ ಅಡಿಕೆ ಕೊನೆ ಕೊಯ್ಲಿಗೆ ಆಳು ಸಿಗೋದಿಲ್ಲ. ಲಾಭ ಒಂದೂರಿಗೆ, ಖರ್ಚು ಹತ್ತೂರಿಗೆ ಅನ್ನುವ ಹಾಗಾಗುತ್ತದೆ. ನನಗೆ ನಿಜವಾಗಿ ನೋವಾಗುವುದು ಇದಕ್ಕೆ.

ಕಳೆದ ಮಳೆಗಾಲ ಸಾಗರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಉಳಿದಿದ್ದೆ. ಊಟದ ಎಲೆಗೆ ಬಂದದ್ದು ಪ್ಯಾಕೆಟ್ ಉಪ್ಪಿನಕಾಯಿ. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಜಗಲಿ ತುಂಬ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಜಾಡಿಗಳು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸಾಲಾಗಿ ಇಟ್ಟಿದ್ದರು. ಎರಡು ಮನೆಯ ನಡುವೆ ಇದ್ದದ್ದು ಒಂದು ಬೇಲಿ. ಆ ಅಮ್ಮನ ಹತ್ತಿರ ಎರಡು ಕಿಲೋ ಕೊಂಡು ತಂದೆ. ಹೋಂಸ್ಟೇಯವರು ಒಂದು ದಿನವೂ ಕೇಳಿಲ್ಲವಂತೆ.

ಈ ಬೇಲಿ ದಾಟಿಸುವ ಕೆಲಸ ಶುರುಮಾಡೋಣ. ನಿಮ್ಮ ಕಡೆ ಅಪ್ಪೆಮಿಡಿ ಹಾಕುವ, ಹಪ್ಪಳ ಒತ್ತುವ, ತೊಡೆದೇವು ಅನ್ನುವ ಸಿಹಿ ಮಾಡುವ ಮನೆಗಳು ಎಷ್ಟಿವೆ? ಪಟ್ಟಿ ಮಾಡಿ ಕಳಿಸಿ. ಸಿಗಂದೂರು ಕಡೆಯ ಹೋಟೆಲಿನವರ ಹತ್ತಿರ ಮಾತಾಡಲು ನಾನೂ ಬರುತ್ತೇನೆ. ಮೊದಲು ನಿಮ್ಮ ಅಂಗಡಿಯಲ್ಲೇ ಕೂರೋಣ, ಚಹಾ ಇಟ್ಟಿರಿ.

— ಸಂಪಾದಕ