ಒದ್ದೆ ಕುಂಡದಲ್ಲಿ ಈ ಪುಡಿ ಕೆಲಸ ಮಾಡುವುದಿಲ್ಲ

ತಾರಸಿಯ ಕುಂಡಗಳಿಗೆ ಡಯಾಟಮೇಶಿಯಸ್ ಅರ್ತ್ ಪುಡಿ ಹಾಕಿದರೂ ಇರುವೆ ಹೋಗಿಲ್ಲ ಅಂದಿದ್ದೀರಿ. ದಿನಾ ಮೇಲಿಂದ ನೀರು ಹಾಕುತ್ತೀರಿ ಅಲ್ವಾ, ತೊಂದರೆ ಇರುವುದೇ ಅಲ್ಲಿ. ಡಯಾಟಮೇಶಿಯಸ್ ಅರ್ತ್ ಅಂದರೆ ಪಾಚಿಯ ಸಿಲಿಕಾ ಚಿಪ್ಪಿನ ಪುಡಿ. ಇರುವೆಯ ಮೈಮೇಲಿನ ಮೇಣದ ಪದರವನ್ನು ಗೀರಿ, ಹೀರಿ ತೆಗೆಯುತ್ತದೆ. ಆಮೇಲೆ ಮೈಯಲ್ಲಿರುವ ನೀರು ಆರಿ ಇರುವೆ ಸಾಯುತ್ತದೆ. ಪುಡಿ ಒದ್ದೆಯಾದರೆ ಇದ್ಯಾವುದೂ ಆಗುವುದಿಲ್ಲ.

ಕುಂಡದೊಳಗೆ ಬೇಡ. ಹೊರಗೆ, ಇರುವೆ ಸಾಲು ಹೋಗುವ ಒಣ ಜಾಗದಲ್ಲಿ ಕಂಡೂ ಕಾಣದಷ್ಟು ತೆಳ್ಳಗೆ ಉದುರಿಸಿ. ಗುಡ್ಡೆ ಹಾಕಿದರೆ ಸುತ್ತಿ ಬಳಸಿ ಹೋಗುತ್ತವೆ. ಹೂವಿನ ಮೇಲಂತೂ ದಯವಿಟ್ಟು ಹಾಕಬೇಡಿ, ಜೇನುನೊಣವೂ ಸಾಯುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಇದೇ ಹೆಸರಲ್ಲಿ ಸಿಗುವ ಈಜುಕೊಳದ ಫಿಲ್ಟರ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಫುಡ್ ಗ್ರೇಡ್ ಇರುವುದನ್ನೇ ತನ್ನಿ.

ಎಲೆಯ ಅಡಿಯಲ್ಲಿ ಹಿಟ್ಟು ತಿಗಣೆ (ಹತ್ತಿಯಂತೆ ಬೆಳ್ಳಗೆ ಕಾಣುವ ಮೀಲಿಬಗ್ ಕೀಟ) ಇದೆಯಾ ನೋಡಿ. ಅದರ ಸಿಹಿ ಅಂಟಿಗೂ ಇರುವೆ ಬರುತ್ತದೆ.