ಹಿತ್ತಲ ಡೆಕ್: ಹಲಗೆಗಿಂತ ಮೊದಲು ತೊಲೆ ನೋಡಿ

ಪ್ರಶ್ನೆ: ಮನೆ ಹಿತ್ತಲಲ್ಲಿ 12 ಅಡಿ ಉದ್ದದ ಹಳೆಯ ಮರದ ಡೆಕ್ (ತೊಲೆಗಳ ಮೇಲೆ ಹಲಗೆ ಹಾಸಿದ ಜಗಲಿ) ಇದೆ. 6 ಹಲಗೆಗಳು ಮೊಳೆಯ ಸುತ್ತ ಕಪ್ಪಾಗಿ ಮೆತ್ತಗಾಗಿವೆ. ಮಗುಚಿ ಹಾಕಿದರೆ ಸಾಕೇ? ಹೊಸತಾದರೆ ಯಾವ ಮರ?
– ಓದುಗರು, ಕಾರವಾರ

ಉತ್ತರ: ಮಗುಚಿ ಪ್ರಯೋಜನವಿಲ್ಲ. ಹಲಗೆ ತೊಲೆಯ ಮೇಲೆ ಕೂರುವ ಕಡೆ ನೀರು ಆರುವುದಿಲ್ಲ. ಮೇಲಿಗಿಂತ ಅಡಿಯೇ ಹೆಚ್ಚು ಕುಂಬಾಗಿರುತ್ತದೆ. ಕಪ್ಪು ಬಣ್ಣ ಕಬ್ಬಿಣದ ಮೊಳೆಯದು. ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿದ ಮೊಳೆ ಮರವನ್ನು ಸೀಳುತ್ತದೆ, ಸೀಳಿಗೆ ಮಳೆನೀರು ಇಳಿಯುತ್ತದೆ.

ಹಾರೆ ಹಾಕಿ ಎಬ್ಬಿಸಿದರೆ ತೊಲೆಯ ಅಂಚು ಒಡೆಯುತ್ತದೆ. ಹಲಗೆ, ತೊಲೆಗಳ ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆ ಕತ್ತರಿಸಿ. ಆಮೇಲೆ ಪ್ರತಿ ತೊಲೆಯನ್ನೂ ಚೂಪು ಸ್ಕ್ರೂಡ್ರೈವರಿನಿಂದ ಚುಚ್ಚಿ. ಅರ್ಧ ಇಂಚು ಇಳಿದರೆ ಅಲ್ಲಿ ಮರ ಸತ್ತಿದೆ. ನಡುವೆ ಮಾತ್ರ ಕೆಟ್ಟಿದ್ದರೆ ಅಷ್ಟೇ ಎತ್ತರದ ತುಂಡನ್ನು ಕೆಟ್ಟ ಭಾಗದಿಂದ ಎರಡೂ ಕಡೆ 3 ಅಡಿ ಮುಂದಕ್ಕೆ ಬರುವಂತೆ ಪಕ್ಕಕ್ಕೆ ಬೋಲ್ಟು ಹಾಕಿ ಕೂಡಿಸಿ. ತುದಿಯೇ ಹೋಗಿದ್ದರೆ ತೊಲೆ ಬದಲಿಸದೆ ಗತಿಯಿಲ್ಲ.

ಮರ ಜಂಬೆ ಅಥವಾ ಸಾಗವಾನಿಯ ಚೇಗು (ಮರದ ಗಟ್ಟಿ ಒಳತಿರುಳು) ಇರಲಿ. ಮತ್ತಿಯೂ ಆದೀತು, ಆದರೆ ಒಣಗುವಾಗ ಸೀಳುತ್ತದೆ. ಮಾವು, ಸಿಲ್ವರ್ ಓಕ್ ಅಗ್ಗವೆಂದು ತರಬೇಡಿ. 6 ಇಂಚು ಅಗಲ, 1 ಇಂಚು ದಪ್ಪದ 6 ಹಲಗೆಗೆ 3 ಘನ ಅಡಿ ಮರ ಬೇಕು. ಕೊಯ್ದು ಕೀಸುವಾಗ ಹೋಗುವುದು ಬೇರೆ. ದಪ್ಪವನ್ನು ಹಳೆಯ ಹಲಗೆಗೆ ಸರಿಯಾಗಿ ಕೀಸಿಸಿ, ಇಲ್ಲವಾದರೆ ಕಾಲು ಎಡವುತ್ತದೆ.

ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು, ಉದ್ದ ಎರಡೂವರೆ ಇಂಚು, ದಪ್ಪ 10ನೇ ನಂಬರು. 304 ಕಡಲಂಚಿನಲ್ಲಿ ಕಂದುಗಟ್ಟುತ್ತದೆ. 16 ಇಂಚಿಗೊಂದು ತೊಲೆಯಿದ್ದರೆ ತೊಲೆಗೆ 2, ಹಲಗೆಗೆ 20ರಂತೆ 120 ಸ್ಕ್ರೂ. ಹತ್ತು ಹೆಚ್ಚೇ ತನ್ನಿ. ಮೊದಲು 3.5 ಮಿ.ಮೀ. ತೂತು ಕೊರೆಯಲೇಬೇಕು. ಗಟ್ಟಿಮರದಲ್ಲಿ ಸ್ಟೀಲ್ ಸ್ಕ್ರೂ ಕುತ್ತಿಗೆಯಲ್ಲೇ ಮುರಿಯುತ್ತದೆ. ಒಣ ಹಲಗೆಗಳ ನಡುವೆ 4–5 ಮಿ.ಮೀ. ಸಂದು ಬಿಡಿ, ಮಳೆಗಾಲಕ್ಕೆ ಉಬ್ಬುತ್ತವೆ. ಅಡಿಭಾಗಕ್ಕೆ, ಕೊಯ್ದ ತುದಿಗಳಿಗೆ ಜೋಡಿಸುವ ಮೊದಲೇ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ. ಚರ್ಮ ಸುಡುತ್ತದೆ: ಕೈಗವಸು ಬೇಕು, ಬರಿಗಾಲು ತಾಗುವ ಮೇಲ್ಭಾಗಕ್ಕೆ ಬೇಡವೇ ಬೇಡ.

ಪ್ರಶ್ನೆ: ಡೆಕ್ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ, ಅದು ಮರದ ನಾರನ್ನೂ ಸ್ಕ್ರೂವನ್ನೂ ತಿನ್ನುತ್ತದೆ. ಸಾಬೂನು ನೀರು, ಗಡಸು ಬ್ರಷ್ ಸಾಕು; ಮರದ ನಾರಿನ ಗುಂಟವೇ ಉಜ್ಜಿ. ಸಂದಿಯಲ್ಲಿ ಸಿಕ್ಕಿದ ಅಡಿಕೆ ಸೋಗೆಯ ಚೂರು, ತರಗೆಲೆಗಳನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆದಕಿ ತೆಗೆಯಿರಿ. ನೀರು ಹಿಡಿದಿಡುವುದು ಅವೇ.